ಡಿಸ್ಕ್ ಮೇಲೆ 0.80 ವೋಲ್ಟ್, ಸೆಲ್‌ನಲ್ಲಿ ಸಪ್ಪೆ: ಪ್ಲಾಟಿನಂ ಇಲ್ಲದ ಆಮ್ಲಜನಕ ಕ್ಯಾಟಲಿಸ್ಟ್ ಎಲ್ಲಿ ಎಡವುತ್ತದೆ?

ಇಂಗಾಲಕಪ್ಪು

ಹೈಡ್ರೋಜನ್ ಮತ್ತು ಆಮ್ಲಜನಕದಿಂದ ವಿದ್ಯುತ್ ತೆಗೆಯುವ ಫ್ಯೂಯೆಲ್ ಸೆಲ್‌ನ ಕ್ಯಾಥೋಡ್‌ಗೆ (ಆಮ್ಲಜನಕ ನೀರಾಗುವ ಬದಿ) ಪ್ಲಾಟಿನಂ ಬದಲು ಕಬ್ಬಿಣ-ಸಾರಜನಕ-ಇಂಗಾಲದ ಕ್ಯಾಟಲಿಸ್ಟ್ (ಕ್ರಿಯೆಯ ವೇಗ ಹೆಚ್ಚಿಸುವ ಪುಡಿ, ಇನ್ನು ಮುಂದೆ ಎಫ್‌ಇ-ಎನ್-ಸಿ) ಮಾಡುತ್ತಿದ್ದೇನೆ. ತಯಾರಿಯ ವಿವರ ಪೂರ್ತಿ ಕೊಡುತ್ತಿದ್ದೇನೆ, ತಪ್ಪು ಎಲ್ಲಿದೆ ಅಂತ ತಿಳಿದವರು ಹೇಳಿ.

100 ಮಿ.ಲೀ. ಮೆಥನಾಲ್‌ನಲ್ಲಿ 2.98 ಗ್ರಾಂ ಝಿಂಕ್ ನೈಟ್ರೇಟ್ ಹೆಕ್ಸಾಹೈಡ್ರೇಟ್ (10 ಮಿಲಿಮೋಲ್), ಜೊತೆಗೆ 121 ಮಿ.ಗ್ರಾಂ ಫೆರಿಕ್ ನೈಟ್ರೇಟ್ ನಾನಾಹೈಡ್ರೇಟ್ (0.3 ಮಿಲಿಮೋಲ್). ಇನ್ನೊಂದು 100 ಮಿ.ಲೀ. ಮೆಥನಾಲ್‌ನಲ್ಲಿ 3.28 ಗ್ರಾಂ 2-ಮೀಥೈಲ್‌ಇಮಿಡಜೋಲ್ (40 ಮಿಲಿಮೋಲ್). ಎರಡನ್ನೂ ಬೆರೆಸಿ 60 ಡಿಗ್ರಿಯಲ್ಲಿ 24 ಗಂಟೆ. ತೊಳೆದು ಒಣಗಿಸಿದ ಮೇಲೆ 1.2 ಗ್ರಾಂ ಝಿಫ್-8 (ಝಿಂಕ್ ಮತ್ತು ಇಮಿಡಜೋಲ್ ಜಾಲವಾಗಿ ಹೆಣೆದುಕೊಂಡ ರಂಧ್ರಮಯ ಹರಳು) ಸಿಗುತ್ತದೆ. ಆರ್ಗಾನ್‌ನಲ್ಲಿ 1000 ಡಿಗ್ರಿಗೆ 1 ಗಂಟೆ ಕಾಯಿಸಿದರೆ 0.36 ಗ್ರಾಂ ಕಪ್ಪು ಪುಡಿ ಉಳಿಯುತ್ತದೆ.

ಅಳತೆ: 0.5 ಮೋಲಾರ್ ಸಲ್ಫ್ಯೂರಿಕ್ ಆಮ್ಲ, ಪುಡಿ ಲೇಪಿಸಿದ ತಿರುಗುವ ಡಿಸ್ಕ್ ಎಲೆಕ್ಟ್ರೋಡ್ (ಆರ್‌ಡಿಇ) 1600 ಆರ್‌ಪಿಎಂ, ಲೋಡಿಂಗ್ (ಲೇಪಿಸಿದ ಪುಡಿಯ ತೂಕ) ಚದರ ಸೆಂಟಿಮೀಟರಿಗೆ 0.6 ಮಿ.ಗ್ರಾಂ. ಹಾಫ್-ವೇವ್ ಪೊಟೆನ್ಷಿಯಲ್ (ಕರೆಂಟ್ ತನ್ನ ಗರಿಷ್ಠದ ಅರ್ಧ ಮುಟ್ಟುವ ವೋಲ್ಟೇಜ್, ಹೆಚ್ಚಿದ್ದಷ್ಟೂ ಒಳ್ಳೆಯದು) ಆರ್‌ಎಚ್‌ಇ, ಅಂದರೆ ಅದೇ ದ್ರಾವಣದ ಹೈಡ್ರೋಜನ್ ಎಲೆಕ್ಟ್ರೋಡನ್ನು ಸೊನ್ನೆಯಾಗಿಟ್ಟ ಲೆಕ್ಕದಲ್ಲಿ 0.80 ವೋಲ್ಟ್. ಅದೇ ಪುಡಿ 5 ಚದರ ಸೆಂ.ಮೀ. ಸೆಲ್‌ಗೆ ಹೋದಾಗ, ಶುದ್ಧ ಆಮ್ಲಜನಕ ಕೊಟ್ಟರೂ 0.6 ವೋಲ್ಟ್‌ನಲ್ಲಿ ಚದರ ಸೆಂ.ಮೀ.ಗೆ 150 ಮಿಲಿಆಂಪ್ ದಾಟುವುದಿಲ್ಲ. ಗಾಳಿಯಲ್ಲಿ ಅದರ ಅರ್ಧ. ಸಮಸ್ಯೆ ಪುಡಿಯದ್ದೋ ಸೆಲ್ ಜೋಡಣೆಯದ್ದೋ?

ತಿರುಗುಚಕ್ರ

ಅದಕ್ಕೂ ಮೊದಲು ಇತ್ಯರ್ಥ ಆಗಬೇಕಾದದ್ದು ಬೇರೆ: ಆ 0.80 ನಿಜವಾ?

ಕೌಂಟರ್ ಎಲೆಕ್ಟ್ರೋಡ್ (ಕರೆಂಟ್‌ನ ಸುತ್ತು ಮುಗಿಸುವ ಎದುರಿನ ಎಲೆಕ್ಟ್ರೋಡ್) ಯಾವುದು ಅಂತ ನೀವು ಬರೆದಿಲ್ಲ. ಅದು ಪ್ಲಾಟಿನಂ ತಂತಿಯಾಗಿದ್ದರೆ ಆ ಸಂಖ್ಯೆಯನ್ನು ಈಗಲೇ ಪಕ್ಕಕ್ಕಿಡಿ. ಡಿಸ್ಕ್ ಮೇಲೆ ಆಮ್ಲಜನಕದ ಅಪಕರ್ಷಣೆ ನಡೆಯುವಷ್ಟು ಹೊತ್ತೂ ಆ ಕಡೆ ಕೌಂಟರ್ ಮೇಲೆ ಉತ್ಕರ್ಷಣೆ ನಡೆಯುತ್ತಿರುತ್ತದೆ. ಆಮ್ಲದಲ್ಲಿ ಪ್ಲಾಟಿನಂ ಅಷ್ಟಷ್ಟೇ ಕರಗಿ, ದ್ರಾವಣದಲ್ಲಿ ಈಜಿ, ನಿಮ್ಮ ಡಿಸ್ಕ್ ಮೇಲೆ ಬಂದು ಕೂರುತ್ತದೆ. ಅಲ್ಲಿಂದಾಚೆ ನೀವು ಅಳೆಯುತ್ತಿರುವುದು ಕಬ್ಬಿಣವನ್ನಲ್ಲ. ಲಕ್ಷಣ ಒಂದೇ ಒಂದು ಗೊತ್ತಿದ್ದರೆ ಸಾಕು: ವೋಲ್ಟೇಜ್ ಏರಿಸಿ ಇಳಿಸುವ ಸೈಕಲ್ ಓಡಿಸಿದಂತೆಲ್ಲ ಕ್ಯಾಟಲಿಸ್ಟ್ ಉತ್ತಮವಾಗುತ್ತಾ ಹೋಗುತ್ತದೆ. ಆಮ್ಲದಲ್ಲಿ ಎಫ್‌ಇ-ಎನ್-ಸಿ ಹಾಗೆ ತಾನಾಗಿ ಉತ್ತಮವಾಗುವುದು ಅಪರೂಪ. ಗ್ರಾಫೈಟ್ ಕಡ್ಡಿ ಬಳಸಿ, ಅದನ್ನೂ ಫ್ರಿಟ್ (ಸಣ್ಣ ರಂಧ್ರಗಳ ಗಾಜಿನ ತಡೆ) ಇರುವ ಪ್ರತ್ಯೇಕ ಕೊಳವೆಯಲ್ಲಿಡಿ.

ಎರಡನೆಯದು ರೆಫರೆನ್ಸ್, ಅಂದರೆ ವೋಲ್ಟೇಜ್ ಅಳೆಯಲು ಹೋಲಿಸುವ ಎಲೆಕ್ಟ್ರೋಡ್. ಸಿಲ್ವರ್-ಸಿಲ್ವರ್ ಕ್ಲೋರೈಡ್ ಆಗಿದ್ದರೆ ಕ್ಲೋರೈಡ್ ಸೋರುತ್ತದೆ. ಎಫ್‌ಇ-ಎನ್-ಸಿಗೆ ಅದರಿಂದ ದೊಡ್ಡ ಪೆಟ್ಟಿಲ್ಲ, ಹೋಲಿಕೆಗೆ ಇಟ್ಟುಕೊಂಡ ಪ್ಲಾಟಿನಂ ಮಾತ್ರ ಕುಗ್ಗುತ್ತದೆ, ನಿಮ್ಮ ಪುಡಿ ಇದ್ದುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಸಲ್ಫ್ಯೂರಿಕ್ ಆಮ್ಲಕ್ಕೆ ಮರ್ಕ್ಯುರಿ-ಮರ್ಕ್ಯುರಸ್ ಸಲ್ಫೇಟ್ ಸರಿ. ಯಾವುದೇ ಇರಲಿ, ಪುಸ್ತಕದ ಸಂಖ್ಯೆ ಕೂಡಿಸಿ ಆರ್‌ಎಚ್‌ಇಗೆ ಬದಲಾಯಿಸಬೇಡಿ. ಅದೇ ದ್ರಾವಣಕ್ಕೆ ಹೈಡ್ರೋಜನ್ ಹಾಯಿಸಿ, ಶುಚಿಯಾದ ಪ್ಲಾಟಿನಂ ತಂತಿಯಲ್ಲಿ ಕರೆಂಟ್ ಸೊನ್ನೆ ದಾಟುವ ಜಾಗ ನೋಡಿ. ಅದೇ ನಿಮ್ಮ 0.000 ವೋಲ್ಟ್. ಆ ತಂತಿಯನ್ನು ಆಮೇಲೆ ಹೊರಗೆ ತೆಗೆಯಿರಿ, ದ್ರಾವಣವನ್ನೂ ಚೆಲ್ಲಿ ಹೊಸದು ಹಾಕಿ.

ಮೂರನೆಯದು ಹಿನ್ನೆಲೆ ಕರೆಂಟ್. ಈ ಪುಡಿಗಳ ಮೇಲ್ಮೈ ವಿಸ್ತಾರ ದೊಡ್ಡದು, ಕೆಪಾಸಿಟರ್ ಹಾಗೆ ಚಾರ್ಜ್ ಹಿಡಿಯುತ್ತವೆ. ಸೆಕೆಂಡಿಗೆ 10 ಮಿಲಿವೋಲ್ಟ್‌ನಲ್ಲಿ ಸ್ಕ್ಯಾನ್ ಮಾಡಿದರೆ ಸಾರಜನಕದಲ್ಲಿ ತೆಗೆದ ಹಿನ್ನೆಲೆಯನ್ನು ಕಳೆಯಲೇಬೇಕು. ಅದಕ್ಕಿಂತ ಮೆಟ್ಟಿಲು ವಿಧಾನ ಒಳ್ಳೆಯದು: 30 ಮಿಲಿವೋಲ್ಟ್ ಹೆಜ್ಜೆ, ಪ್ರತಿ ಹೆಜ್ಜೆಗೂ 30 ಸೆಕೆಂಡ್ ನಿಲ್ಲಿಸಿ ಕೊನೆಯ ಕರೆಂಟ್ ಓದಿಕೊಳ್ಳಿ.

ಶೂನ್ಯವೋಲ್ಟ್

ಇನ್ನೊಂದು. ಲಿಮಿಟಿಂಗ್ ಕರೆಂಟ್ (ಆಮ್ಲಜನಕ ಡಿಸ್ಕ್‌ಗೆ ತಲುಪುವ ವೇಗದಿಂದ ತೀರ್ಮಾನವಾಗುವ ಗರಿಷ್ಠ ಕರೆಂಟ್) ಎಷ್ಟು ಬಂತು ಅನ್ನುವುದನ್ನೂ ಯಾವಾಗಲೂ ಬರೆಯಿರಿ. 0.1 ಮೋಲಾರ್ ಪರ್‌ಕ್ಲೋರಿಕ್ ಆಮ್ಲದಲ್ಲಿ 25 ಡಿಗ್ರಿ, 1600 ಆರ್‌ಪಿಎಂ, ನಾಲ್ಕು ಎಲೆಕ್ಟ್ರಾನ್ ಲೆಕ್ಕಕ್ಕೆ (ಆಮ್ಲಜನಕ ಪೂರ್ತಿ ನೀರಾದರೆ) ಈ ಕರೆಂಟ್ ಲೆಕ್ಕ ಹಾಕುವ ಲೆವಿಚ್ ಸೂತ್ರ ಚದರ ಸೆಂ.ಮೀ.ಗೆ ಸುಮಾರು 5.7 ಮಿಲಿಆಂಪ್ ಕೊಡುತ್ತದೆ. 0.5 ಮೋಲಾರ್ ಸಲ್ಫ್ಯೂರಿಕ್‌ನಲ್ಲಿ ಇದಕ್ಕಿಂತ ಕಡಿಮೆ. ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ 91 ಕಿಲೋಪಾಸ್ಕಲ್ ಆಸುಪಾಸು. ಕರಗುವ ಆಮ್ಲಜನಕ ಶೇ. 10ರಷ್ಟು ಇಳಿಯುತ್ತದೆ, 5.7 ಇದ್ದದ್ದು 5.1 ಆಗುತ್ತದೆ. ಅದನ್ನು ನೋಡಿ ಎಲೆಕ್ಟ್ರಾನ್ ಸಂಖ್ಯೆ 3.6 ಅಂತ ಬರೆದುಬಿಡುವವರು ಇದ್ದಾರೆ. ಕ್ಯಾಟಲಿಸ್ಟ್‌ದೇನೂ ತಪ್ಪಿರುವುದಿಲ್ಲ.

ಇನ್ನು 6.5 ಅಥವಾ 7 ಬಂದರೆ ಇಂಕ್ (ಪುಡಿ ಬೆರೆಸಿದ ದ್ರವ) ಹನಿ ಡಿಸ್ಕ್‌ನ ಗಾಜಿನಿಂಗಾಲದ (ಗ್ಲಾಸಿ ಕಾರ್ಬನ್) ಅಂಚು ದಾಟಿ ಸುತ್ತಲಿನ ಟೆಫ್ಲಾನ್ ಮೇಲೂ ಹರಡಿದೆ ಅಂತ ಅರ್ಥ.

ಕುಲುಮೆ

ತಯಾರಿಯ ಕಡೆಗೆ ಬರುತ್ತೇನೆ. ಕಬ್ಬಿಣ ವಿಪರೀತ ಹೆಚ್ಚಾಗಿದೆ.

0.3 ಮಿಲಿಮೋಲ್ ಅಂದರೆ 16.8 ಮಿ.ಗ್ರಾಂ ಕಬ್ಬಿಣ. ಝಿಂಕ್ 907 ಡಿಗ್ರಿಗೆ ಕುದಿದು ಹೊರಟುಹೋಗುತ್ತದೆ, ಕಬ್ಬಿಣ ಅಲ್ಲೇ ಉಳಿಯುತ್ತದೆ. ಹಾಕಿದ್ದೆಲ್ಲ ಝಿಫ್ ಜೊತೆ ಬಂದಿದ್ದರೆ 0.36 ಗ್ರಾಂ ಪುಡಿಯಲ್ಲಿ ಅದು ಶೇ. 4.7. ಒಂಟಿ ಪರಮಾಣುವಾಗಿ ನಾಲ್ಕು ಸಾರಜನಕಗಳ ನಡುವೆ ಕೂರುವ ಕಬ್ಬಿಣಕ್ಕೆ ಶೇ. 1ರಿಂದ 1.5ರ ಆಚೆ ಜಾಗ ಸಿಗುವುದು ಕಷ್ಟ. ಮಿಕ್ಕಿದ್ದು ಒಂದಕ್ಕೊಂದು ಸೇರಿ ಕಬ್ಬಿಣದ ಕಣ, ಕಾರ್ಬೈಡ್ ಆಗುತ್ತದೆ. ಹಾಗೆ ಗಂಟುಗಟ್ಟಿದ ಕಬ್ಬಿಣ ಸುತ್ತಲಿನ ಇಂಗಾಲವನ್ನು ಗ್ರಾಫೈಟ್ ಮಾಡುತ್ತದೆ, ಸೂಕ್ಷ್ಮರಂಧ್ರಗಳನ್ನು ತಿಂದುಹಾಕುತ್ತದೆ. ಕೆಲಸ ಮಾಡುವ ಜಾಗ ಇರುವುದೇ ಆ ರಂಧ್ರಗಳ ಒಳಗೆ.

ದುಬಾರಿ ಉಪಕರಣ ಬೇಡದ ಪರೀಕ್ಷೆ: ಚಿಟಿಕೆ ಪುಡಿಯನ್ನು ಸಣ್ಣ ಗಾಜಿನ ಶೀಶೆಯಲ್ಲಿ ಆಲ್ಕೋಹಾಲ್ ಜೊತೆ ಕಲಕಿ, ಪಕ್ಕಕ್ಕೆ ನಿಯೋಡಿಮಿಯಂ ಮ್ಯಾಗ್ನೆಟ್ ಹಿಡಿಯಿರಿ. ಕಪ್ಪು ಕಣಗಳು ಗಾಜಿನ ಗೋಡೆಗೆ ಬಂದು ಮೀಸೆಯ ಹಾಗೆ ಸಾಲು ನಿಂತರೆ ಲೋಹ ಅಥವಾ ಕಾರ್ಬೈಡ್ ಇದೆ. ಎಕ್ಸ್‌ಆರ್‌ಡಿ (ಎಕ್ಸ್-ರೇಯಿಂದ ಹರಳಿನ ರಚನೆ ನೋಡುವ ಉಪಕರಣ) ಇದ್ದರೆ ತಾಮ್ರದ ಕಿರಣದಲ್ಲಿ 44.7 ಡಿಗ್ರಿ ಹತ್ತಿರ ನೋಡಿ. ಆದರೆ ಸಣ್ಣ ಪ್ರಮಾಣವನ್ನು ಎಕ್ಸ್‌ಆರ್‌ಡಿ ನುಂಗಿಬಿಡುತ್ತದೆ, ಮ್ಯಾಗ್ನೆಟ್ ನುಂಗುವುದಿಲ್ಲ.

ಕಾಯಿಸುವುದಕ್ಕೂ ಮೊದಲೇ ಸುಳಿವು ಸಿಗುತ್ತದೆ. ತೊಳೆದ ಝಿಫ್ ತೆಳು ಕೆನೆ ಬಣ್ಣಕ್ಕಿರಬೇಕು. ಇಟ್ಟಿಗೆ ಪುಡಿಯ ಹಾಗೆ ಕಂಡರೆ ಕಬ್ಬಿಣ ಜಾಲದೊಳಗೆ ಹೋಗದೆ ಹೈಡ್ರಾಕ್ಸೈಡ್ ಆಗಿ ಪಕ್ಕದಲ್ಲೇ ಬಿದ್ದಿದೆ. 2-ಮೀಥೈಲ್‌ಇಮಿಡಜೋಲ್ ದ್ರಾವಣ ಕ್ಷಾರೀಯ, ಫೆರಿಕ್ ಅಯಾನು ಅದರಲ್ಲಿ ಬೇಗ ತುಕ್ಕಾಗುತ್ತದೆ.

ಸರಿಪಡಿಸುವುದು ಹೀಗೆ. ಶೇ. 1 ಬೇಕೆಂದರೆ 3.6 ಮಿ.ಗ್ರಾಂ ಕಬ್ಬಿಣ, ಅಂದರೆ 0.065 ಮಿಲಿಮೋಲ್, ಅಂದರೆ 26 ಮಿ.ಗ್ರಾಂ ಫೆರಿಕ್ ನೈಟ್ರೇಟ್. ಈ ಲವಣ ಗಾಳಿಯ ತೇವ ಹೀರಿ ಅಂಟಂಟಾಗುತ್ತದೆ, 26 ಮಿ.ಗ್ರಾಂ ತೂಗಿದರೆ ಎಷ್ಟು ನೀರು ತೂಗಿದಿರಿ ಅಂತ ಗೊತ್ತಾಗುವುದಿಲ್ಲ. 404 ಮಿ.ಗ್ರಾಂ ಅನ್ನು 100 ಮಿ.ಲೀ. ಮೆಥನಾಲ್‌ನಲ್ಲಿ ಕರಗಿಸಿ (0.01 ಮೋಲಾರ್), ಅದರಲ್ಲಿ 6.5 ಮಿ.ಲೀ. ಪಿಪೆಟ್‌ನಿಂದ ತೆಗೆದುಕೊಳ್ಳಿ. ದ್ರಾವಣ ಅವತ್ತಿನದ್ದು ಅವತ್ತೇ ಮಾಡಿ.

ಫರ್ನೇಸ್: ಮೊದಲು ಆರ್ಗಾನ್ ನಿಮಿಷಕ್ಕೆ 100 ಮಿ.ಲೀ. ಒಂದು ಗಂಟೆ ಹಾಯಿಸಿ ಕೊಳವೆ ಖಾಲಿ ಮಾಡಿ, ಆಮೇಲೆ ನಿಮಿಷಕ್ಕೆ 3ರಿಂದ 5 ಡಿಗ್ರಿ ಏರಿಕೆ. ದೋಣಿಯಲ್ಲಿ ಪುಡಿಯನ್ನು ಗುಡ್ಡೆ ಹಾಕಬೇಡಿ, ತೆಳುವಾಗಿ ಹರಡಿ. ಗುಡ್ಡೆಯ ಒಳಗಿನ ಝಿಂಕ್ ಹೊರಬರದೆ ಅಲ್ಲೇ ಉಳಿಯುತ್ತದೆ. ಹೊರಹೋದ ಝಿಂಕ್ ಕೊಳವೆಯ ತಣ್ಣನೆಯ ತುದಿಯಲ್ಲಿ ಬೂದುಬಣ್ಣದ ಕನ್ನಡಿಯಾಗಿ ಕೂರುತ್ತದೆ. ನಾಲ್ಕೈದು ಸಲ ಆದಮೇಲೆ ಹೊರದಾರಿ ಕಟ್ಟಿಕೊಂಡು ಒತ್ತಡ ಏರುತ್ತದೆ, ಪ್ರತಿ ಸಲವೂ ನೋಡಿ. ಅದನ್ನು ಒಣಗಿದ್ದಾಗ ಕೆರೆಯಬೇಡಿ, ನುಣ್ಣನೆಯ ಝಿಂಕ್ ಹೊತ್ತಿಕೊಳ್ಳಬಹುದು. ಕನ್ನಡಿಯ ಬದಲು ಬಿಳಿ ಪುಡಿ ಕೂತಿದ್ದರೆ ಅದು ಝಿಂಕ್ ಆಕ್ಸೈಡ್: ಎಲ್ಲೋ ಗಾಳಿ ನುಗ್ಗುತ್ತಿದೆ. ಜೊತೆಗೆ ಇಳುವರಿಯೂ ಕಡಿಮೆಯಾಗಿರುತ್ತದೆ. 1 ಗ್ರಾಂ ಝಿಫ್‌ಗೆ 0.25ರಿಂದ 0.35 ಗ್ರಾಂ ಬರಬೇಕು, ನಿಮ್ಮದು ಆ ಮಟ್ಟಿಗೆ ಸರಿ ಇದೆ.

ಸುರಕ್ಷತೆಯ ಮಾತು, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಇಮಿಡಜೋಲ್ ಸುಟ್ಟಾಗ ಹೈಡ್ರೋಜನ್ ಸಯನೈಡ್ ಬರುತ್ತದೆ. ಫರ್ನೇಸ್‌ನಿಂದ ಹೊರಬರುವ ಅನಿಲ ಫ್ಯೂಮ್ ಹುಡ್ ಒಳಗೇ ಹೋಗಬೇಕು. ದಾರಿಯಲ್ಲಿ ಬಾಟಲಿಗಳು ಹೀಗಿರಲಿ: ಮೊದಲು ಖಾಲಿ ಬಾಟಲಿ (ದ್ರವ ಹಿಂದಕ್ಕೆ ಎಳೆದರೆ ಬಿಸಿ ಕೊಳವೆಗೆ ಹೋಗದಿರಲಿ ಅಂತ), ನಂತರ ಅಮೋನಿಯಾ ಹಿಡಿಯಲು ಸಾರಗುಂದಿಸಿದ ಸಲ್ಫ್ಯೂರಿಕ್ ಆಮ್ಲ, ಆಮೇಲೆ ಸೋಡಿಯಂ ಹೈಡ್ರಾಕ್ಸೈಡ್ ಬೆರೆತ ಹೈಪೋಕ್ಲೋರೈಟ್. ಕೊನೆಯದರ ಪಿಎಚ್ 11ರ ಮೇಲೇ ಇರಬೇಕು. ಇಳಿದರೆ ಸಯನೋಜೆನ್ ಕ್ಲೋರೈಡ್ ಹುಟ್ಟುತ್ತದೆ, ಅದೂ ವಿಷವೇ. ಕ್ರಮ ಅದಲುಬದಲಾದರೆ ಅಮೋನಿಯಾ ಮತ್ತು ಹೈಪೋಕ್ಲೋರೈಟ್ ಸೇರಿ ಕ್ಲೋರಮೈನ್ ಆಗುತ್ತದೆ.

ಇಂಗಾಲಕಪ್ಪು

ಕೌಂಟರ್ ಪ್ಲಾಟಿನಂ ತಂತಿಯೇ. ಗ್ರಾಫೈಟ್ ಹಾಕಿ, ಹೊಸ ದ್ರಾವಣದಲ್ಲಿ ಹೊಸ ಡಿಸ್ಕ್ ಮಾಡಿ ತೆಗೆದರೆ ಹಾಫ್-ವೇವ್ 0.76. ಮ್ಯಾಗ್ನೆಟ್‌ಗೆ ಪುಡಿ ಅಂಟುತ್ತದೆ. ಝಿಫ್ ಬಣ್ಣ ಕಂದು-ಕೆಂಪು.

ಇದೇ ಪುಡಿಯನ್ನು ಆಮ್ಲದಲ್ಲಿ ತೊಳೆದು ಉಳಿಸಿಕೊಳ್ಳಬಹುದಾ? 0.5 ಮೋಲಾರ್ ಸಲ್ಫ್ಯೂರಿಕ್, 80 ಡಿಗ್ರಿ, 8 ಗಂಟೆ ಅನ್ನುವ ವಿಧಾನ ಎಲ್ಲ ಕಡೆ ಕಾಣುತ್ತದೆ.

ಎರಡನೇಸುತ್ತು

ತೊಳೆಯಬಹುದು. ಬಯಲಲ್ಲಿರುವ ಕಬ್ಬಿಣ ಕರಗುತ್ತದೆ, ಆದರೆ ಗ್ರಾಫೈಟ್ ಪದರದೊಳಗೆ ಮುಚ್ಚಿಕೊಂಡ ಕಣಗಳನ್ನು ಆಮ್ಲ ಮುಟ್ಟುವುದೇ ಇಲ್ಲ. ತೊಳೆದ ಮೇಲೆ ನೀರಿನಲ್ಲಿ ಪಿಎಚ್ ಸಮಕ್ಕೆ ಬರುವವರೆಗೆ ತೊಳೆದು, ಒಣಗಿಸಿ, ಮತ್ತೆ 900 ಡಿಗ್ರಿಗೆ ಒಂದು ಗಂಟೆ ಕಾಯಿಸಬೇಕು. ಈ ಎರಡನೇ ಸುತ್ತು ಬಿಟ್ಟರೆ ಸಾರಜನಕದ ಗುಂಪುಗಳು ಪ್ರೋಟಾನ್ ಹಿಡಿದು, ಆಮ್ಲದ ಅಯಾನು ಅಂಟಿಸಿಕೊಂಡು ಚಟುವಟಿಕೆ ಕುಗ್ಗಿಯೇ ಇರುತ್ತದೆ.

ಕುಲುಮೆ

ನನ್ನ ಮಾತು ಬೇರೆ: ಆಮ್ಲ ತೊಳೆತ ಬೇಕಾಗುವಂಥ ಪುಡಿಯನ್ನೇ ಮಾಡಬೇಡಿ. ಕಬ್ಬಿಣ ಶೇ. 1ರೊಳಗಿದ್ದು ಮ್ಯಾಗ್ನೆಟ್‌ಗೆ ಅಂಟದಿದ್ದರೆ ತೊಳೆತದಿಂದ ಲಾಭವಿಲ್ಲ. 8 ಗಂಟೆ ಆಮ್ಲ, ಲೀಟರ್‌ಗಟ್ಟಲೆ ನೀರು, ಇನ್ನೊಂದು ಸುತ್ತು ಫರ್ನೇಸ್, ನಡುವೆ ಫಿಲ್ಟರ್‌ನಲ್ಲಿ ಕಳೆದುಹೋಗುವ ಪುಡಿ. ಅಗ್ಗ ಅಂತ ಹೊರಟ ಕ್ಯಾಟಲಿಸ್ಟ್‌ನ ಖರ್ಚು ಏರುವುದೇ ಇಲ್ಲಿ. ಕಬ್ಬಿಣದ ಲವಣದ ಬೆಲೆ ಲೆಕ್ಕಕ್ಕೇ ಬರುವುದಿಲ್ಲ, ಹಂತಗಳ ಬೆಲೆ ಬರುತ್ತದೆ.

ಎರಡನೇಸುತ್ತು

ಒಪ್ಪುತ್ತೇನೆ, ಝಿಫ್ ದಾರಿಗೆ ಅದು ಸರಿ. ಆದರೆ ಪಾಲಿಅನಿಲಿನ್ (ಸಾರಜನಕವಿರುವ ಪಾಲಿಮರ್) ಕಾಯಿಸುವ ದಾರಿಯಲ್ಲಿ ಕಬ್ಬಿಣ ಬೇಕೆಂದೇ ಹೆಚ್ಚು ಹಾಕುತ್ತಾರೆ, ಅಲ್ಲಿ ತೊಳೆತ ತಪ್ಪಿಸಲಾಗದು.

ಮೆಥನಾಲ್ ದ್ರಾವಣವೇ ಬೇಡ ಅನ್ನುವವರಿಗೆ ಇನ್ನೊಂದು ದಾರಿ: ಶುದ್ಧ ಝಿಫ್-8ಕ್ಕೆ ಕಬ್ಬಿಣವನ್ನು ಫಿನಾಂತ್ರೊಲಿನ್ (ಕಬ್ಬಿಣ ಹಿಡಿಯುವ, ಸಾರಜನಕವಿರುವ ಅಣು) ಜೊತೆ ಕಟ್ಟಿ ಸೇರಿಸಿ, ಝಿರ್ಕೋನಿಯಾ ಗುಂಡುಗಳಿರುವ ಬಾಲ್ ಮಿಲ್‌ನಲ್ಲಿ ಬೆರೆಸಿ, 1050 ಡಿಗ್ರಿಗೆ ಕಾಯಿಸುವುದು. ಝಿಫ್ ಮತ್ತು ಫಿನಾಂತ್ರೊಲಿನ್ ತೂಕದಲ್ಲಿ 80ಕ್ಕೆ 20. ಫೆರಸ್ ಅಸಿಟೇಟ್ ದ್ರಾವಣಕ್ಕೆ ಫಿನಾಂತ್ರೊಲಿನ್ ಬಿದ್ದ ಕೂಡಲೇ ಕಡು ಕಿತ್ತಳೆ-ಕೆಂಪು ಬಣ್ಣ ಏರಬೇಕು. ಅದು ಒಂದು ಕಬ್ಬಿಣಕ್ಕೆ ಮೂರು ಫಿನಾಂತ್ರೊಲಿನ್ ಸುತ್ತಿಕೊಂಡ ಗುರುತು. ಮಂಕು ಕಂದು ಬಂದರೆ ಫೆರಸ್ ಅಸಿಟೇಟ್ ಬಾಟಲಿಯಲ್ಲೇ ಗಾಳಿ ಹಿಡಿದು ಫೆರಿಕ್ ಆಗಿದೆ, ಆ ಬಾಟಲಿ ಬಿಟ್ಟುಬಿಡಿ. ಗುಂಡುಗಳು ಉಕ್ಕಿನವಾಗಿದ್ದರೆ ಸವೆದ ಉಕ್ಕೇ ನಿಮ್ಮ ಕಬ್ಬಿಣದ ಲೆಕ್ಕ ಕೆಡಿಸುತ್ತದೆ.

ಶೂನ್ಯವೋಲ್ಟ್

0.76 ಅಂದಮೇಲೆ ಸೆಲ್‌ನಲ್ಲಿ ಎಷ್ಟು ನಿರೀಕ್ಷಿಸಬಹುದು ಅಂತ ಲೆಕ್ಕ ಹಾಕಿ ನೋಡೋಣ. ಸುಲಭಕ್ಕೆ 0.80 ಅಂತಲೇ ಹಿಡಿಯುತ್ತೇನೆ.

ಹಾಫ್-ವೇವ್‌ನಲ್ಲಿ ಕೈನೆಟಿಕ್ ಕರೆಂಟ್ (ಆಮ್ಲಜನಕದ ಕೊರತೆಯೇ ಇಲ್ಲದಿದ್ದರೆ ಪುಡಿ ಕೊಡುವ ಕರೆಂಟ್) ಲಿಮಿಟಿಂಗ್ ಕರೆಂಟ್‌ಗೆ ಸಮ. 5 ಮಿಲಿಆಂಪ್ ಅನ್ನಿ. 0.6 ಮಿ.ಗ್ರಾಂನಿಂದ ಭಾಗಿಸಿದರೆ 0.80 ವೋಲ್ಟ್‌ನಲ್ಲಿ ಮಿ.ಗ್ರಾಂಗೆ 8.3 ಮಿಲಿಆಂಪ್. ಟಾಫೆಲ್ ಇಳಿಜಾರು ದಶಕಕ್ಕೆ 60 ಮಿಲಿವೋಲ್ಟ್ (ಪ್ರತಿ 60 ಮಿಲಿವೋಲ್ಟ್‌ಗೆ ಕರೆಂಟ್ ಹತ್ತು ಪಟ್ಟು ಬದಲು) ಆದರೆ 0.90 ವೋಲ್ಟ್‌ಗೆ ಹೋಗುವಷ್ಟರಲ್ಲಿ 46 ಪಟ್ಟು ಕುಸಿತ: ಮಿ.ಗ್ರಾಂಗೆ 0.18. ಕ್ಯಾಥೋಡ್‌ನಲ್ಲಿ 4 ಮಿ.ಗ್ರಾಂ ಹಾಕಿದರೆ ಚದರ ಸೆಂ.ಮೀ.ಗೆ 0.72 ಮಿಲಿಆಂಪ್. ಅಮೆರಿಕದ ಇಂಧನ ಇಲಾಖೆ ಪ್ಲಾಟಿನಂರಹಿತ ಕ್ಯಾಟಲಿಸ್ಟ್‌ಗೆ ಇಟ್ಟ ಗುರಿ ಅದೇ 0.90 ವೋಲ್ಟ್‌ನಲ್ಲಿ 44 ಮಿಲಿಆಂಪ್. ಅರವತ್ತು ಪಟ್ಟು ದೂರ. ಸೆಲ್ 80 ಡಿಗ್ರಿಯಲ್ಲಿ ಓಡುವುದರಿಂದ ಸ್ವಲ್ಪ ನೆರವು ಸಿಗಬಹುದು, ಆದರೆ ಅಂತರದ ಅಂದಾಜಿಗೆ ಇದು ಸಾಕು. ಡಿಸ್ಕ್ ಮೇಲೆ 20 ಮಿಲಿವೋಲ್ಟ್ ಅತ್ತಿತ್ತ ಆಯಿತು ಅಂದರೆ ಸೆಲ್‌ನಲ್ಲಿ ಕರೆಂಟ್ ಎರಡು ಪಟ್ಟು ಅತ್ತಿತ್ತ.

ಇದೇ ಕಾರಣಕ್ಕೆ ಲೋಡಿಂಗ್ ಹೇಳದೆ ಹಾಫ್-ವೇವ್ ಹೇಳುವುದಕ್ಕೆ ಅರ್ಥವಿಲ್ಲ. ಲೋಡಿಂಗ್ ಮೂರು ಪಟ್ಟು ಮಾಡಿದರೆ ಏನೂ ಸುಧಾರಿಸದೆಯೇ 29 ಮಿಲಿವೋಲ್ಟ್ ಮೇಲೇರುತ್ತದೆ.

ತಿರುಗುಚಕ್ರ

ಲೋಡಿಂಗ್ ಹೆಚ್ಚಾದರೆ ಪೆರಾಕ್ಸೈಡ್ (ಆಮ್ಲಜನಕ ಪೂರ್ತಿ ನೀರಾಗದೆ ನಡುವೆ ನಿಂತಾಗ ಹುಟ್ಟುವುದು) ಕೂಡ ಮರೆಯಾಗುತ್ತದೆ. ದಪ್ಪ ಪದರದೊಳಗೆ ಹುಟ್ಟಿದ ಪೆರಾಕ್ಸೈಡ್ ಹೊರಬರುವ ಮೊದಲೇ ಇನ್ನೊಂದು ಜಾಗ ಹಿಡಿದು ನೀರಾಗುತ್ತದೆ, ಅದನ್ನು ಪತ್ತೆಹಚ್ಚಲು ಡಿಸ್ಕ್ ಸುತ್ತ ಇರುವ ರಿಂಗ್ ಎಲೆಕ್ಟ್ರೋಡ್‌ಗೆ ಸಿಗುವುದಿಲ್ಲ. ರಿಂಗ್-ಡಿಸ್ಕ್ ಅಳತೆಯನ್ನು 0.6 ಮಿ.ಗ್ರಾಂ ಜೊತೆಗೆ 0.1 ಮಿ.ಗ್ರಾಂನಲ್ಲೂ ಮಾಡಿ. ಪೆರಾಕ್ಸೈಡ್ ಮೊದಲನೆಯದರಲ್ಲಿ ಶೇ. 3, ಎರಡನೆಯದರಲ್ಲಿ ಶೇ. 15 ಬಂದರೆ ನಿಜ ಹೇಳುತ್ತಿರುವುದು ಎರಡನೆಯದು. ರಿಂಗ್ 1.2 ವೋಲ್ಟ್‌ನಲ್ಲಿರಲಿ. ಕಲೆಕ್ಷನ್ ಎಫಿಶಿಯನ್ಸಿಯನ್ನು (ಡಿಸ್ಕ್‌ನಲ್ಲಿ ಹುಟ್ಟಿದ್ದರಲ್ಲಿ ರಿಂಗ್‌ಗೆ ಸಿಗುವ ಪಾಲು) ಪೆಟ್ಟಿಗೆಯ ಮೇಲಿನ ಸಂಖ್ಯೆಯಿಂದ ತೆಗೆದುಕೊಳ್ಳದೆ ಫೆರಿಸಯನೈಡ್‌ನಲ್ಲಿ ನೀವೇ ಅಳೆಯಿರಿ.

ಇಂಕ್: 10 ಮಿ.ಗ್ರಾಂ ಪುಡಿ, 200 ಮೈಕ್ರೋಲೀಟರ್ ನೀರು, 720 ಮೈಕ್ರೋಲೀಟರ್ ಐಸೊಪ್ರೊಪನಾಲ್, 80 ಮೈಕ್ರೋಲೀಟರ್ ಶೇ. 5ರ ನಾಫಿಯಾನ್ (ಪ್ರೋಟಾನ್ ಸಾಗಿಸುವ ಪಾಲಿಮರ್). ಮಂಜುಗಡ್ಡೆ ನೀರಿನಲ್ಲಿಟ್ಟು 30 ನಿಮಿಷ ಸೋನಿಕೇಟ್. 5 ಮಿ.ಮೀ. ಡಿಸ್ಕ್ (0.196 ಚದರ ಸೆಂ.ಮೀ.) ಮೇಲೆ 12 ಮೈಕ್ರೋಲೀಟರ್ ಹಾಕಿದರೆ ಲೋಡಿಂಗ್ ಸುಮಾರು 0.6 ಮಿ.ಗ್ರಾಂ. ಒಂದೇ ಸಲಕ್ಕೆ ಸುರಿಯಬೇಡಿ, ಆರಾರರಂತೆ ಎರಡು ಸಲ. ಡಿಸ್ಕ್ ತಲೆಕೆಳಗಾಗಿ ನಿಧಾನಕ್ಕೆ ತಿರುಗುತ್ತಾ ಒಣಗಲಿ. ಸುಮ್ಮನೆ ಒಣಗಿಸಿದರೆ ಪುಡಿಯೆಲ್ಲ ಅಂಚಿಗೆ ಸರಿದು ಉಂಗುರವಾಗುತ್ತದೆ, ನಡುವೆ ಗಾಜಿನಿಂಗಾಲ ಹೊಳೆಯುತ್ತಿರುತ್ತದೆ.

ಹೋಲಿಕೆಗೆ ಇಡುವ ಪ್ಲಾಟಿನಂ ಅನ್ನು ಪರ್‌ಕ್ಲೋರಿಕ್ ಆಮ್ಲದಲ್ಲೇ ಅಳೆಯಿರಿ. ಸಲ್ಫ್ಯೂರಿಕ್‌ನಲ್ಲಿ ಬೈಸಲ್ಫೇಟ್ ಪ್ಲಾಟಿನಂ ಮೇಲೆ ಕೂತು ಅದನ್ನು ಕಟ್ಟಿಹಾಕುತ್ತದೆ. ಅಲ್ಲಿ ಅಂತರ ಕಡಿಮೆ ಕಂಡರೆ ಅದು ನಿಮ್ಮ ಪುಡಿಯ ಗೆಲುವಲ್ಲ.

ಪೊರೆ

ಈಗ ಸೆಲ್. ಪುಡಿ ಸರಿಯಾದ ಮೇಲೂ ಅರ್ಧ ಕೆಲಸ ಇಲ್ಲಿದೆ.

ಪ್ಲಾಟಿನಂ ಕ್ಯಾಥೋಡ್ ಪದರ 10 ಮೈಕ್ರಾನ್ ಆಸುಪಾಸು. ಎಫ್‌ಇ-ಎನ್-ಸಿ 4 ಮಿ.ಗ್ರಾಂ ಹಾಕಿದರೆ 100 ಮೈಕ್ರಾನ್. ಆಮ್ಲಜನಕ ಒಂದು ಬದಿಯಿಂದ, ಪ್ರೋಟಾನ್ ಇನ್ನೊಂದು ಬದಿಯಿಂದ ಇಷ್ಟು ದೂರ ನಡೆದು ಸಂಧಿಸಬೇಕು, ಹುಟ್ಟಿದ ನೀರು ಅದೇ ದಾರಿಯಲ್ಲಿ ಹೊರಹೋಗಬೇಕು. ಆಮ್ಲಜನಕದಲ್ಲಿ ಪರವಾಗಿಲ್ಲ, ಗಾಳಿಯಲ್ಲಿ ಅರ್ಧಕ್ಕಿಳಿಯುತ್ತದೆ ಅಂದರೆ ಸಾಗಣೆ ಕಟ್ಟಿಕೊಂಡಿದೆ.

5 ಚದರ ಸೆಂ.ಮೀ.ಗೆ 20 ಮಿ.ಗ್ರಾಂ ಬೇಕು, ಸ್ಪ್ರೇಯಲ್ಲಿ ಹಾಳಾಗುವುದು ಸೇರಿಸಿ 25 ತೂಗಿ. ಅಯಾನೋಮರ್ (ಪ್ರೋಟಾನ್ ಸಾಗಿಸುವ ಪಾಲಿಮರ್, ಇಲ್ಲಿ ನಾಫಿಯಾನ್) ಮತ್ತು ಕ್ಯಾಟಲಿಸ್ಟ್ ತೂಕದ ಅನುಪಾತ 0.5ರಿಂದ 0.8. 0.5 ಅಂದರೆ 25 ಮಿ.ಗ್ರಾಂಗೆ 12.5 ಮಿ.ಗ್ರಾಂ ಒಣ ನಾಫಿಯಾನ್, ಅಂದರೆ ಶೇ. 5ರ ದ್ರಾವಣ 250 ಮಿ.ಗ್ರಾಂ. ಕಡಿಮೆಯಾದರೆ ಪದರದ ಆಳಕ್ಕೆ ಪ್ರೋಟಾನ್ ತಲುಪುವುದಿಲ್ಲ, ಹೆಚ್ಚಾದರೆ ರಂಧ್ರ ಮುಚ್ಚಿ ನೀರು ನಿಲ್ಲುತ್ತದೆ. 0.5, 0.65, 0.8 ಮೂರನ್ನೂ ಮಾಡಿ ಆರಿಸುವುದು ಬಿಟ್ಟರೆ ಅಡ್ಡದಾರಿಯಿಲ್ಲ, ಯಾಕೆಂದರೆ ಇದು ಪುಡಿಯ ಕಣದ ಗಾತ್ರಕ್ಕೆ ತಕ್ಕಂತೆ ಬದಲಾಗುತ್ತದೆ. ಝಿಫ್ ಹರಳು 50ರಿಂದ 100 ನ್ಯಾನೋಮೀಟರ್ ಇದ್ದರೆ ಒಳಗಿನ ಕಬ್ಬಿಣವೂ ಕೆಲಸಕ್ಕೆ ಬರುತ್ತದೆ. ಮೈಕ್ರಾನ್ ಗಾತ್ರದ ಹರಳಾದರೆ ಅಯಾನೋಮರ್ ಸಿಪ್ಪೆಯ ಮೇಲಷ್ಟೇ ಕೂರುತ್ತದೆ, ಹೊಟ್ಟೆ ದಂಡ. ನಿಮ್ಮ ಝಿಂಕ್-ಇಮಿಡಜೋಲ್ 1:4 ಮೋಲ್ ಅನುಪಾತದಲ್ಲಿ ಹರಳು ದೊಡ್ಡದಾಗುವ ಸಾಧ್ಯತೆ ಇದೆ, ಇಮಿಡಜೋಲ್ 6.57 ಗ್ರಾಂಗೆ (1:8) ಏರಿಸಿ, ಎರಡು ದ್ರಾವಣಗಳನ್ನು ತೊಟ್ಟು ತೊಟ್ಟಾಗಿ ಅಲ್ಲ, ಒಮ್ಮೆಗೇ ಸುರಿದು ಜೋರಾಗಿ ಕಲಕಿ.

ಸ್ಪ್ರೇ ಮಾಡುವಾಗ ಕಾರ್ಬನ್ ಪೇಪರ್ 80 ಡಿಗ್ರಿ ಹಾಟ್ ಪ್ಲೇಟ್ ಮೇಲಿರಲಿ. ಒಂದು ಪದರ ಒಣಗಿದ ಮೇಲೇ ಇನ್ನೊಂದು. ಅವಸರ ಮಾಡಿದರೆ ಕೆರೆ ಬತ್ತಿದ ಮಣ್ಣಿನ ಹಾಗೆ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ನೀರು ಮಡುಗಟ್ಟುತ್ತದೆ. ಮೆಂಬ್ರೇನ್ (ಎರಡು ಬದಿಗಳ ನಡುವೆ ಪ್ರೋಟಾನ್ ಸಾಗಿಸುವ ಪೊರೆ) ಕಲಿಯುವ ಹಂತಕ್ಕೆ 50 ಮೈಕ್ರಾನ್ ನಾಫಿಯಾನ್ 212 ಸಾಕು, 211 ತೆಳು, ಬೇಗ ತೂತಾಗುತ್ತದೆ. ಆನೋಡ್‌ಗೆ (ಹೈಡ್ರೋಜನ್ ಬದಿ) ಚದರ ಸೆಂ.ಮೀ.ಗೆ 0.2 ಮಿ.ಗ್ರಾಂ ಪ್ಲಾಟಿನಂ. ಒಣ ಪ್ಲಾಟಿನಂ-ಇಂಗಾಲದ ಪುಡಿಯ ಮೇಲೆ ನೇರವಾಗಿ ಆಲ್ಕೋಹಾಲ್ ಸುರಿಯಬೇಡಿ, ಹೊತ್ತಿಕೊಳ್ಳುತ್ತದೆ. ಮೊದಲು ನೀರಿನಲ್ಲಿ ಪೂರ್ತಿ ತೋಯಿಸಿ.

ಓಡಿಸುವ ಮುನ್ನ ಎರಡು ತಪಾಸಣೆ. ಓಪನ್ ಸರ್ಕ್ಯೂಟ್ ವೋಲ್ಟೇಜ್ (ಕರೆಂಟ್ ಎಳೆಯದಿದ್ದಾಗಿನ ವೋಲ್ಟೇಜ್) 0.90ರ ಆಸುಪಾಸು ಬರಬೇಕು, 0.80 ಬಂದರೆ ಕ್ಯಾಟಲಿಸ್ಟ್ ಬಗ್ಗೆ ಯೋಚಿಸುವ ಮೊದಲು ಸೋರಿಕೆ ಹುಡುಕಿ. ಹೈ-ಫ್ರೀಕ್ವೆನ್ಸಿ ರೆಸಿಸ್ಟೆನ್ಸ್ (ಮೆಂಬ್ರೇನ್ ಮತ್ತು ಸಂಪರ್ಕಗಳ ವಿದ್ಯುತ್ ತಡೆ) ಚದರ ಸೆಂ.ಮೀ. ಲೆಕ್ಕದಲ್ಲಿ 0.1 ಓಮ್ ದಾಟಿದರೆ ಬೋಲ್ಟ್ ಬಿಗಿ, ಗ್ಯಾಸ್ಕೆಟ್ ದಪ್ಪ ನೋಡಿ. ಎಫ್‌ಇ-ಎನ್-ಸಿ ಪದರ ದಪ್ಪವಾದ್ದರಿಂದ ಪ್ಲಾಟಿನಂಗೆ ಆರಿಸಿದ ಗ್ಯಾಸ್ಕೆಟ್ ಇಲ್ಲಿ ಹೊಂದುವುದಿಲ್ಲ, ಕಾರ್ಬನ್ ಪೇಪರ್ ಜಜ್ಜಿಹೋಗುತ್ತದೆ. ನಿಮ್ಮ 150 ಮಿಲಿಆಂಪ್‌ಗೆ ಇದೂ ಕಾರಣವಿರಬಹುದು.

ಎರಡನೇಸುತ್ತು

ಬಾಳಿಕೆಯ ಮಾತು ಯಾರೂ ಎತ್ತಿಲ್ಲ. ಈ ಕ್ಷೇತ್ರದ ಹಳೆಯ ಗಾಯ ಅದು. 1964ರಲ್ಲಿ ಯಾಸಿನ್ಸ್ಕಿ ಎಂಬ ಸಂಶೋಧಕ ಕೋಬಾಲ್ಟ್ ಥ್ಯಾಲೋಸಯನಿನ್ ಕ್ಷಾರದಲ್ಲಿ ಆಮ್ಲಜನಕವನ್ನು ಅಪಕರ್ಷಿಸುತ್ತದೆ ಅಂತ ತೋರಿಸಿದಾಗಿನಿಂದ, 2009ರಲ್ಲಿ ಡೊಡೆಲೆ ಎಂಬ ಸಂಶೋಧಕರ ತಂಡ ಸೂಕ್ಷ್ಮರಂಧ್ರದಲ್ಲಿ ಕಬ್ಬಿಣ ಕೂರಿಸಿ ದೊಡ್ಡ ಜಿಗಿತ ಕಂಡಾಗಲೂ, ಚಟುವಟಿಕೆ ಏರಿದಷ್ಟು ಬಾಳಿಕೆ ಏರಲಿಲ್ಲ. ಮೊದಲ ಕೆಲವು ಹತ್ತು ಗಂಟೆಗಳಲ್ಲೇ ಕರೆಂಟ್ ಸರ್ರನೆ ಇಳಿಯುತ್ತದೆ.

ಕಾರಣ ಒಂದಲ್ಲ. ಕಬ್ಬಿಣ ತನ್ನ ಜಾಗ ಬಿಟ್ಟು ಕರಗುತ್ತದೆ. ಕರಗಿದ ಕಬ್ಬಿಣ ಪೆರಾಕ್ಸೈಡ್ ಜೊತೆ ಸೇರಿ ಫೆಂಟನ್ ಕ್ರಿಯೆಯಲ್ಲಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುತ್ತದೆ. ಅದು ಇಂಗಾಲವನ್ನೂ ಮೆಂಬ್ರೇನನ್ನೂ ಕಡಿಯುತ್ತದೆ. ಉಳಿದ ಫೆರಿಕ್ ಅಯಾನು ಮೆಂಬ್ರೇನಿನ ಸಲ್ಫೋನಿಕ್ ಗುಂಪುಗಳಿಗೆ ಅಂಟಿ ಪ್ರೋಟಾನ್ ದಾರಿ ತಡೆಯುತ್ತದೆ. ಆದ್ದರಿಂದ ಸಾರಜನಕದಲ್ಲಿ 0.6ರಿಂದ 1.0 ವೋಲ್ಟ್ ನಡುವೆ 10,000 ಸೈಕಲ್ ಓಡಿಸಿ "ಗಟ್ಟಿ" ಅಂತ ಘೋಷಿಸುವುದು ಸಾಲದು. ಆಮ್ಲಜನಕ ಇಲ್ಲದ ಕಡೆ ಪೆರಾಕ್ಸೈಡ್ ಹುಟ್ಟುವುದೇ ಇಲ್ಲ, ಶತ್ರು ಗೈರುಹಾಜರಿರುವ ಯುದ್ಧ ಅದು. ಆಮ್ಲಜನಕದಲ್ಲೂ ಓಡಿಸಿ, ಮುಗಿದ ಮೇಲೆ ದ್ರಾವಣದ ಕಬ್ಬಿಣವನ್ನು ಐಸಿಪಿ-ಎಂಎಸ್‌ನಲ್ಲಿ (ಅತಿ ಸಣ್ಣ ಪ್ರಮಾಣದ ಲೋಹ ಅಳೆಯುವ ಉಪಕರಣ) ಅಳೆಯಿರಿ.

ಕೋಬಾಲ್ಟ್, ಮ್ಯಾಂಗನೀಸ್ ಹಾಕಿದರೆ ಫೆಂಟನ್ ಕಾಟ ಕಡಿಮೆ. ಆದರೆ ಆಮ್ಲದಲ್ಲಿ ಚಟುವಟಿಕೆಯೂ ಕಡಿಮೆ, ಕೋಬಾಲ್ಟ್‌ನಲ್ಲಿ ಪೆರಾಕ್ಸೈಡ್ ಪಾಲೂ ಜಾಸ್ತಿ.

ಶೂನ್ಯವೋಲ್ಟ್

"ಅಗ್ಗ" ಅನ್ನುವ ಪದದ ಬಗ್ಗೆಯೂ ನೇರವಾಗಿ ಮಾತಾಡಬೇಕು. ಉದಾಹರಣೆಗೆ ಒಂದು ಕಿಲೋವ್ಯಾಟ್ ತೆಗೆದುಕೊಳ್ಳಿ. ಪ್ಲಾಟಿನಂ ಸೆಲ್ ಚದರ ಸೆಂ.ಮೀ.ಗೆ 1 ವ್ಯಾಟ್ ಕೊಟ್ಟರೆ 1000 ಚದರ ಸೆಂ.ಮೀ. ಬೇಕು. ಎರಡೂ ಬದಿ ಸೇರಿ ಚದರ ಸೆಂ.ಮೀ.ಗೆ 0.125 ಮಿ.ಗ್ರಾಂ ಪ್ಲಾಟಿನಂ ಆದರೆ ಒಟ್ಟು 0.125 ಗ್ರಾಂ. ಎಫ್‌ಇ-ಎನ್-ಸಿ ಸೆಲ್ 0.4 ವ್ಯಾಟ್ ಕೊಟ್ಟರೆ 2500 ಚದರ ಸೆಂ.ಮೀ. ಉಳಿಸಿದ್ದು ಕ್ಯಾಥೋಡ್‌ನ ಪ್ಲಾಟಿನಂ ಮಾತ್ರ. ಬದಲಿಗೆ ಎರಡೂವರೆ ಪಟ್ಟು ಮೆಂಬ್ರೇನ್, ಕಾರ್ಬನ್ ಪೇಪರ್, ಬೈಪೋಲಾರ್ ಪ್ಲೇಟ್ ಕೊಳ್ಳಬೇಕು. ಅಷ್ಟಕ್ಕೇ ಆನೋಡ್ ಪ್ಲಾಟಿನಂ ಕೂಡ ಎರಡೂವರೆ ಪಟ್ಟು. ಹಾಗಾಗಿ ಪ್ಲಾಟಿನಂ-ಕೋಬಾಲ್ಟ್, ಪ್ಲಾಟಿನಂ-ನಿಕ್ಕಲ್ ಮಿಶ್ರಲೋಹದಲ್ಲಿ ಪ್ಲಾಟಿನಂ ತೂಕ ಇಳಿಸುವ ದಾರಿಯನ್ನು ಕೀಳಾಗಿ ಕಾಣಬಾರದು, ಅದೂ ಅಗ್ಗದ ದಾರಿಯೇ.

ಪೊರೆ

ಲೆಕ್ಕ ಒಪ್ಪಿದೆ. ಮಿಶ್ರಲೋಹಕ್ಕೂ ಬಾಧೆ ಇದೆ: ಕೋಬಾಲ್ಟ್, ನಿಕ್ಕಲ್ ಆಮ್ಲದಲ್ಲಿ ಸೋರಿ ಅಯಾನೋಮರ್ ಸೇರುತ್ತವೆ. ಸೆಲ್‌ಗೆ ಹಾಕುವ ಮೊದಲೇ ಆಮ್ಲದಲ್ಲಿ ತೊಳೆದು, ಮೇಲೆ ಪ್ಲಾಟಿನಂ ಸಿಪ್ಪೆ ಉಳಿಸಿಕೊಳ್ಳಬೇಕು.

ಎಫ್‌ಇ-ಎನ್-ಸಿಗೆ ಹೆಚ್ಚು ಒಗ್ಗುವ ಜಾಗ ಕ್ಷಾರೀಯ ಮೆಂಬ್ರೇನ್ (ಪ್ರೋಟಾನ್ ಬದಲು ಹೈಡ್ರಾಕ್ಸೈಡ್ ಸಾಗಿಸುವ ಪೊರೆ) ಇರುವ ಸೆಲ್. ಅಲ್ಲಿ 0.1 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಇದೇ ಪುಡಿ ಪ್ಲಾಟಿನಂ ಪಕ್ಕಕ್ಕೇ ನಿಲ್ಲುತ್ತದೆ. ಮ್ಯಾಂಗನೀಸ್ ಆಕ್ಸೈಡ್, ಬೆಳ್ಳಿ ಕೂಡ ಅಲ್ಲಿ ಬದುಕುತ್ತವೆ. ಎಚ್ಚರ: ಕ್ಷಾರವನ್ನು ಗಾಜಿನ ಪಾತ್ರೆಯಲ್ಲಿ ಇಡಬೇಡಿ, ಗಾಜು ಕರಗಿ ದ್ರಾವಣ ಸೇರುತ್ತದೆ, ಟೆಫ್ಲಾನ್ ಅಥವಾ ಪಾಲಿಪ್ರೊಪಿಲೀನ್ ಬಳಸಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಾರ್ಬೊನೇಟ್ ಆಗುತ್ತದೆ, ದ್ರಾವಣ ಪ್ರತಿದಿನ ಹೊಸದಾಗಲಿ.

ಇಂಗಾಲಕಪ್ಪು

ಹೊಸ ಸುತ್ತು: 6.5 ಮಿ.ಲೀ. ಕಬ್ಬಿಣದ ದ್ರಾವಣ, ಇಮಿಡಜೋಲ್ 1:8, ಒಮ್ಮೆಗೇ ಸುರಿದದ್ದು. ಝಿಫ್ ಕೆನೆ ಬಣ್ಣ. ಕಾಯಿಸಿದ ಪುಡಿ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ. ಗ್ರಾಫೈಟ್ ಕೌಂಟರ್‌ನಲ್ಲಿ ಹಾಫ್-ವೇವ್ 0.79, ಮೂರು ಡಿಸ್ಕ್‌ಗಳಲ್ಲಿ 5 ಮಿಲಿವೋಲ್ಟ್ ಒಳಗೇ ಇದೆ. ಸೆಲ್ ಇನ್ನೂ ಕಟ್ಟಬೇಕು. ಅದಕ್ಕೂ ಮೊದಲು, ಹಾಕಿದ ಕಬ್ಬಿಣದಲ್ಲಿ ಎಷ್ಟು ಪಾಲು ನಿಜವಾಗಿ ಕೆಲಸ ಮಾಡುತ್ತಿದೆ ಅಂತ ತಿಳಿಯುವ ಸರಳ ದಾರಿ ಇದೆಯಾ?

ತಿರುಗುಚಕ್ರ

ನೈಟ್ರೈಟ್ ವಿಧಾನ. 0.5 ಮೋಲಾರ್ ಅಸಿಟೇಟ್ ಬಫರ್, ಪಿಎಚ್ 5.2, ಆರ್ಗಾನ್ ಹಾಯಿಸಿ ಆಮ್ಲಜನಕ ಪೂರ್ತಿ ತೆಗೆಯಿರಿ. 0.4ರಿಂದ -0.3 ವೋಲ್ಟ್‌ವರೆಗೆ (ಆರ್‌ಎಚ್‌ಇ) ಸೆಕೆಂಡಿಗೆ 10 ಮಿಲಿವೋಲ್ಟ್‌ನಲ್ಲಿ ಒಂದು ಸ್ಕ್ಯಾನ್ ತೆಗೆದಿಟ್ಟುಕೊಳ್ಳಿ. ಡಿಸ್ಕನ್ನು 0.125 ಮೋಲಾರ್ ಸೋಡಿಯಂ ನೈಟ್ರೈಟ್‌ನಲ್ಲಿ 5 ನಿಮಿಷ ಅದ್ದಿ, ನೀರಿನಲ್ಲಿ, ನಂತರ ಬಫರ್‌ನಲ್ಲಿ ಚೆನ್ನಾಗಿ ತೊಳೆದು ಮತ್ತೆ ಅದೇ ಸ್ಕ್ಯಾನ್. ಎರಡರ ನಡುವಿನ ಚಾರ್ಜ್ ವ್ಯತ್ಯಾಸವೇ ಕಬ್ಬಿಣದ ಮೇಲೆ ಕೂತ ನೈಟ್ರಿಕ್ ಆಕ್ಸೈಡ್ ಕಿತ್ತುಹೋದ ಲೆಕ್ಕ, ಪ್ರತಿ ಜಾಗಕ್ಕೂ 5 ಎಲೆಕ್ಟ್ರಾನ್.

ನಿಮ್ಮ ಡಿಸ್ಕ್ ಮೇಲೆ 0.12 ಮಿ.ಗ್ರಾಂ ಪುಡಿ ಇದೆ. ವ್ಯತ್ಯಾಸ 1.7 ಮಿಲಿಕೂಲಂಬ್ ಬಂದರೆ ಗ್ರಾಂಗೆ ಸುಮಾರು 30 ಮೈಕ್ರೋಮೋಲ್ ಜಾಗ. ಶೇ. 1 ಕಬ್ಬಿಣ ಅಂದರೆ ಗ್ರಾಂಗೆ 179 ಮೈಕ್ರೋಮೋಲ್. ಆರರಲ್ಲಿ ಒಂದು ಪಾಲು ಮಾತ್ರ ಕೆಲಸಕ್ಕಿದೆ, ಉಳಿದದ್ದು ಇಂಗಾಲದೊಳಗೆ ಹೂತಿದೆ ಅಂತ ಓದಬೇಕು. ಎರಡನೇ ಸ್ಕ್ಯಾನ್ ಆದ ಮೇಲೆ ಮೂರನೆಯದನ್ನೂ ತೆಗೆಯಿರಿ. ಅದು ಮೊದಲನೆಯದರ ಮೇಲೆ ಸರಿಯಾಗಿ ಕೂರಬೇಕು. ಕೂರದಿದ್ದರೆ ತೊಳೆದದ್ದು ಸಾಲದು, ಬಿಡಿ ನೈಟ್ರೈಟ್ ಇನ್ನೂ ರಂಧ್ರದಲ್ಲಿದೆ, ಆ ಚಾರ್ಜ್ ಲೆಕ್ಕಕ್ಕೆ ಹಿಡಿಯಬೇಡಿ.